ಹದಿನೇಳನೇ ಮರದ ದೇವರು

ನಮ್ಮೂರ ರಸ್ತೆ ಸುಂದರವಾಗಿದೆ ಎಂಬ ಸಂಗತಿ ನಮಗೆ ಗೊತ್ತಾದದ್ದು ಅದನ್ನು ಅಗಲ ಮಾಡಲು ಬಂದವರು ಮರಗಳಿಗೆ ಕೆಂಪು ಬಣ್ಣದಲ್ಲಿ ನಂಬರು ಬರೆದ ಮೇಲೆ. ಅಲ್ಲಿಯವರೆಗೆ ಆ ಮರಗಳನ್ನು ನಾವು ಎಮ್ಮೆ ಕಟ್ಟಲು, ಚುನಾವಣೆಯ ಪೋಸ್ಟರು ಅಂಟಿಸಲು, ಮತ್ತು ಬಾಯಿಬಿಟ್ಟು ಹೇಳಬಾರದ ಇನ್ನೊಂದು ಕೆಲಸಕ್ಕೆ ಬಳಸುತ್ತಿದ್ದೆವು. ಒಟ್ಟು ಅರವತ್ತೊಂದು ಹುಣಸೆ ಮರ. ಶ್ರೀನಿವಾಸಪುರದಿಂದ ಗೌನಿಪಲ್ಲಿಗೆ ಹೋಗುವ ಹಳೇ ದಾರಿಯಲ್ಲಿ, ನಮ್ಮ ಚಿಂತಲಪಲ್ಲಿ ಗೇಟಿನಿಂದ ಕೆರೆ ಕೋಡಿಯವರೆಗೆ ಎರಡೂ ಬದಿಗೆ ನಿಂತಿವೆ. ಯಾರು ನೆಟ್ಟದ್ದೆಂದು ಕೇಳಿದರೆ ಒಬ್ಬರು ಮೈಸೂರು ಮಹಾರಾಜರು ಎನ್ನುತ್ತಾರೆ, ಇನ್ನೊಬ್ಬರು ಯಾವುದೋ ಪಾಳೆಗಾರ ಎನ್ನುತ್ತಾರೆ, ಮೂರನೆಯವರು ತಮ್ಮ ಮುತ್ತಾತನೇ ಎನ್ನುತ್ತಾರೆ. ನೆಟ್ಟವರು ಯಾರಾದರೂ ಆಗಿರಲಿ, ಕೊಡ ಹೊತ್ತು ನೀರು ಹಾಕಿದವರು ಊರಾಚೆ ಕೇರಿಯ ಹೆಂಗಸರು. ಅದನ್ನು ಯಾರೂ ಕೇಳುವುದಿಲ್ಲ, ಹಾಗಾಗಿ ಯಾರೂ ಹೇಳುವುದಿಲ್ಲ.

ನಾನು ಕಾಂತರಾಜ್. ಇದೇ ರಸ್ತೆಯಲ್ಲಿ ಮೂವತ್ತೊಂದು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದು, ಸೊಂಟ ಕಳೆದುಕೊಂಡು ನಿವೃತ್ತನಾದವನು. ಅಷ್ಟು ವರ್ಷ ಜನರನ್ನು ಒಳಗೆ ಹೋಗಿ, ಒಳಗೆ ಹೋಗಿ ಎಂದು ಗದರಿದ್ದರಿಂದ ನನಗೆ ಬಾಯಿ ಜಾಸ್ತಿ, ತಾಳ್ಮೆ ಕಮ್ಮಿ ಎಂದು ಹೆಂಡತಿ ಶೋಭಾರಾಣಿ ಹೇಳುತ್ತಾಳೆ. ಅವಳು ಹೇಳಿದ್ದು ಸುಳ್ಳಾದದ್ದನ್ನು ನಾನಂತೂ ನೋಡಿಲ್ಲ.

ಆ ಮರಗಳ ಫಸಲನ್ನು ಪ್ರತಿ ವರ್ಷ ಹರಾಜಿನಲ್ಲಿ ಹಿಡಿಯುವವಳು ಮುನಿಶಾಮಮ್ಮ. ಶಿವರಾತ್ರಿ ಕಳೆಯುತ್ತಿದ್ದಂತೆ ತನ್ನ ಕೇರಿಯ ಹದಿನೆಂಟು ಹೆಂಗಸರನ್ನು ಕರೆದುಕೊಂಡು ಬಂದು, ಮರದಡಿ ತಾರ್ಪಾಲು ಹಾಸಿ, ಉದ್ದನೆಯ ಬಿದಿರು ಗಳದಲ್ಲಿ ಹಣ್ಣು ಬಡಿದು ಉದುರಿಸುತ್ತಾಳೆ. ಆಮೇಲೆ ಮೂರು ತಿಂಗಳು ಅಲ್ಲೇ ಕೂತು ಸಿಪ್ಪೆ ಬಿಡಿಸುವುದು, ನಾರು ತೆಗೆಯುವುದು, ಬೀಜ ಕುಟ್ಟುವುದು. ಯಾವ ಮರದ ಹಣ್ಣು ಸಾರಿಗೆ, ಯಾವುದು ತೊಕ್ಕಿಗೆ, ಯಾವುದು ಬರೀ ತಾಮ್ರದ ಪಾತ್ರೆ ಉಜ್ಜಲಿಕ್ಕೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲಳು. ಹದಿನೇಳನೇ ಮರಕ್ಕೆ ಅವಳ ಅಜ್ಜಿಯೇ ನೀರು ಹೊತ್ತದ್ದಂತೆ. ಆ ಹದಿನೆಂಟು ಒಲೆಗಳು ವರ್ಷವಿಡೀ ಉರಿಯುವುದು ಈ ಮೂರು ತಿಂಗಳ ಕೆಲಸದಿಂದ. ಮರ ಹೋದರೆ ಒಲೆ ಹೋಯಿತು, ಅಷ್ಟೇ ಲೆಕ್ಕ.

ನಂಬರು ಬಿದ್ದ ಹದಿನೈದು ದಿನಕ್ಕೆ ಊರಿಗೆ ರಂಜಿತ ಬಂದಳು. ಕೋಲಾರದ ಯಾವುದೋ ಸಂಸ್ಥೆಯ ಹುಡುಗಿ. ಹಳೇ ರಸ್ತೆಗಳನ್ನು ಊರಿನವರೇ ಸೇರಿ ಉಳಿಸಿಕೊಳ್ಳುವ ಯೋಜನೆ ಮಾಡಿಸುವುದು ಅವಳ ಕೆಲಸ. ಒಳ್ಳೆಯವಳು. ಬಿಸಿಲಲ್ಲಿ ಅರವತ್ತೊಂದು ಮರವನ್ನೂ ಟೇಪು ಹಿಡಿದು ಅಳೆದಳು. ಊರಿನ ನಕ್ಷೆಯನ್ನು ಹಾಸಿಗೆಯಷ್ಟು ದೊಡ್ಡದಾಗಿ ಬರೆದು ಪಂಚಾಯ್ತಿ ಸಭಾಂಗಣದ ಗೋಡೆಗೆ ಅಂಟಿಸಿ, ಎಲ್ಲರ ಕೈಗೂ ಬಣ್ಣದ ಚುಕ್ಕೆ ಕೊಟ್ಟಳು. ಯಾವುದು ಉಳಿಯಬೇಕೋ ಅದರ ಮೇಲೆ ಹಸಿರು ಚುಕ್ಕೆ, ಯಾವುದು ತೊಂದರೆಯೋ ಅದರ ಮೇಲೆ ಕೆಂಪು ಚುಕ್ಕೆ ಅಂಟಿಸಬೇಕು.

ನಮ್ಮವರು ಶಿಸ್ತಾಗಿ ಸಾಲು ನಿಂತು ಅಂಟಿಸಿದರು. ಎಲ್ಲರೂ ಹಸಿರು ಚುಕ್ಕೆಯನ್ನು ತಮ್ಮ ತಮ್ಮ ಮನೆಯ ಮೇಲೆ, ಕೆಂಪು ಚುಕ್ಕೆಯನ್ನು ದಾಯಾದಿಯ ಮನೆಯ ಮೇಲೆ. ಅರ್ಧ ಗಂಟೆಯಲ್ಲಿ ಊರಿಗೆ ದಡಾರ ಬಂದಂತಾಯಿತು. ರಸ್ತೆಯ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ.

ಪಂಚಾಯ್ತಿ ಅಧ್ಯಕ್ಷ ಆಂಜಿನಪ್ಪ ಎದ್ದು ನಿಂತ. ಅವನಿಗೆ ಗೌನಿಪಲ್ಲಿಯಲ್ಲಿ ಸಿಮೆಂಟು ಕಬ್ಬಿಣದ ಅಂಗಡಿ ಇದೆ. ಹಾಗಾಗಿ ಊರಿನ ಯಾವ ಕಷ್ಟ ಕೇಳಿದರೂ ಅವನ ಕಣ್ಣಿಗೆ ಅದರಲ್ಲಿ ಒಂದು ಕಾಂಕ್ರೀಟ್ ಕಾಣಿಸುತ್ತದೆ.

"ಮೇಡಂ, ಮೊದ್ಲು ಒಂದು ಕಮಾನು ಹಾಕ್ಬೇಕು. ಕಮಾನಿಲ್ದೆ ಇದ್ರೆ ಚೆಂದ ಎಲ್ಲಿಂದ ಶುರುವಾಗ್ತೈತೆ ಅಂತ ಬಂದೋರಿಗೆ ಹೆಂಗ್ ಗೊತ್ತಾಗ್ಬೇಕು?"

"ಮರಗಳೇ ಚೆಂದ ಅಲ್ವಾ ಸಾರ್?" ಎಂದಳು ರಂಜಿತ.

"ಮರ ಇದ್ದೇ ಇರ್ತಾವಲ್ಲ ಮೇಡಂ. ನಾವೇನು ಮಾಡಿದ್ವಿ ಅನ್ನೋದು ಕಾಣ್ಬೇಕಲ್ಲ."

ಬಾಗಿಲ ಬಳಿ ಮೆಟ್ಟಿಲ ಮೇಲೆ ಮುನಿಶಾಮಮ್ಮ ಕೂತಿದ್ದಳು. ಒಳಗೆ ಕುರ್ಚಿಗಳು ಖಾಲಿ ಇದ್ದವು. ಬೇಡ ಎಂದು ಯಾರೂ ಹೇಳಿರಲಿಲ್ಲ, ಬಾ ಎಂದೂ ಯಾರೂ ಹೇಳಿರಲಿಲ್ಲ. ರಂಜಿತಳೇ ಹೋಗಿ ಅವಳ ಕೈಗೆ ಹಸಿರು ಚುಕ್ಕೆ ಕೊಟ್ಟು ಒಳಗೆ ಕರೆತಂದಳು. ಮುನಿಶಾಮಮ್ಮ ನಕ್ಷೆಯನ್ನು ಬಹಳ ಹೊತ್ತು ನೋಡಿ, ಬೆರಳಿಟ್ಟು ಮರಗಳನ್ನು ಎಣಿಸುತ್ತ ಹೋಗಿ, ಹದಿನೇಳರ ಮೇಲೆ ಚುಕ್ಕೆ ಅಂಟಿಸಿದಳು.

"ಮರ ಉಳಿದ್ರೆ ಸಾಕಮ್ಮ. ಕಮಾನು ಗಿಮಾನು ನಮ್ಗ್ಯಾಕೆ?" ಎಂದಳು.

ರಂಜಿತ ಚಪ್ಪಾಳೆ ತಟ್ಟಿದಳು. ಅವಳೊಬ್ಬಳೇ ತಟ್ಟಿದಳು ಅನ್ನುವುದು ಬೇಡ, ನಾನೂ ತಟ್ಟಿದೆ. ಮಾರನೆಯ ದಿನ ಗಳ ಹಿಡಿಸಿ ಮುನಿಶಾಮಮ್ಮನ ಫೋಟೋ ತೆಗೆದಳು. ಎಂಬತ್ತು ಪುಟದ ಯೋಜನೆ ತಯಾರಾಯಿತು. ಸೈಕಲ್ ದಾರಿ, ಮರಗಳ ಬಗ್ಗೆ ಫಲಕ, ಹುಣಸೆ ಹಣ್ಣಿನ ಅಂಗಡಿಯನ್ನು ಸ್ಥಳೀಯ ಮಹಿಳೆಯರೇ ನಡೆಸುವುದು, ಎಲ್ಲವೂ ಅದರಲ್ಲಿತ್ತು. ಮುಖಪುಟದಲ್ಲಿ ಮುನಿಶಾಮಮ್ಮ ನಗುತ್ತಿದ್ದಳು.

ಯೋಜನೆಯನ್ನು ಮೇಲಕ್ಕೆ ಕಳಿಸಿದೆವು. ಮೇಲಿನಿಂದ ಎರಡು ಕಾಗದ ಬಂದವು. ಒಂದರಲ್ಲಿ ನಿಮ್ಮ ಮನವಿಯನ್ನು ಪರಿಶೀಲಿಸಲಾಗುವುದು ಎಂದು ಅಡ್ಡಗೋಡೆ ಮೇಲೆ ದೀಪ ಇಟ್ಟಿದ್ದರು. ಇನ್ನೊಂದರಲ್ಲಿ ಇದೇ ಸೋಮವಾರ ಮರ ಕಡಿಯಲು ಜನ ಬರುತ್ತಾರೆ, ಸಾರ್ವಜನಿಕರು ಸಹಕರಿಸಬೇಕು ಎಂದಿತ್ತು. ಅಷ್ಟು ಸ್ಪಷ್ಟವಾದ ಕನ್ನಡವನ್ನು ಸರ್ಕಾರಿ ಕಾಗದದಲ್ಲಿ ನಾನು ನೋಡಿದ್ದೇ ಮೊದಲು.

ಆಗ ನನಗೊಂದು ಉಪಾಯ ಹೊಳೆಯಿತು. ಹೊಳೆಯದಿದ್ದರೆ ಚೆನ್ನಾಗಿತ್ತು.

ನನ್ನ ಬಸ್ಸಿನ ಡ್ರೈವರ್ ಚನ್ನರಾಯಪ್ಪ ಎಂಬ ಮಹಾನುಭಾವನಿದ್ದ. ಶಾಲೆ ಮಕ್ಕಳು, ಮುದುಕರು, ಪೊಲೀಸರು, ಯಾರು ಅಡ್ಡ ಬಂದರೂ ಬ್ರೇಕು ಮುಟ್ಟಿದವನಲ್ಲ. ಆದರೆ ಅರಿಶಿನ ಬಳಿದ ಒಂದು ಕಲ್ಲು ಕಂಡರೆ ಸಾಕು, ಕಾಲು ತಾನೇ ಬ್ರೇಕಿನ ಮೇಲೆ ಹೋಗುತ್ತಿತ್ತು, ಕೈ ಎದೆಗೆ ಬರುತ್ತಿತ್ತು. ಮುಳಬಾಗಿಲಿನಿಂದ ಮಾಲೂರಿನವರೆಗೆ ನಾನು ನೋಡಿದ್ದೇನೆ. ಹೆದ್ದಾರಿಗೆ ಅಡ್ಡ ಬಂದ ಮನೆ ಹೋಗಿದೆ, ತೋಟ ಹೋಗಿದೆ, ಶಾಲೆ ಹೋಗಿದೆ. ಅರಿಶಿನದ ಕಲ್ಲು ಹೋಗಿಲ್ಲ. ಹೆದ್ದಾರಿಯೇ ಸ್ವಲ್ಪ ಸೊಂಟ ತಿರುಗಿಸಿಕೊಂಡು ಮುಂದೆ ಹೋಗಿದೆ.

ಭಾನುವಾರ ಆಂಜಿನಪ್ಪನ ಮಗಳ ಮದುವೆ, ಶ್ರೀನಿವಾಸಪುರದ ಛತ್ರದಲ್ಲಿ. ಊರಿಗೆ ಊರೇ ಊಟಕ್ಕೆ ಹೋಗಿತ್ತು. ನಾಯಿಗಳೂ ಹಿಂದೆಯೇ ಹೋಗಿದ್ದವೋ ಏನೋ, ಬೀದಿಯಲ್ಲಿ ಒಂದೂ ಕಾಣಲಿಲ್ಲ. ನಡು ಮಧ್ಯಾಹ್ನ ನಾನು ಶೆಟ್ಟರ ಅಂಗಡಿಯಿಂದ ತಂದಿದ್ದ ಅರಿಶಿನ ಕುಂಕುಮ ಹಿಡಿದು ಕೆರೆ ಕಟ್ಟೆಗೆ ಹೋದೆ. ಮುನಿಶಾಮಮ್ಮನನ್ನೂ ಕರೆಸಿದ್ದೆ. ಕಟ್ಟೆಯ ಕೆಳಗೆ ಬಿದ್ದಿದ್ದ ಕಲ್ಲುಗಳಲ್ಲಿ ಮುಖ ಇದ್ದಂತೆ ಕಾಣುವ ಒಂಬತ್ತನ್ನು ಆರಿಸಿದೆವು. ಎತ್ತಲು ಹೋದೆ. ಸೊಂಟ ಚಳಕ್ಕೆಂದಿತು. ಅವಳು ಸೆರಗನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡು, "ನೀವ್ ಸುಮ್ಕಿರಿ ಕಂಡಕ್ಟ್ರಣ್ಣ, ನಾನ್ ಹೊರ್ತೀನಿ" ಎಂದಳು.

ಒಂಬತ್ತು ಸಲ ಕಟ್ಟೆಯಿಂದ ರಸ್ತೆಗೆ ನಡೆದಳು. ಐದನೆಯ ಸಲ ಕಲ್ಲು ಇಳಿಸಿ ಬೆವರೊರೆಸಿಕೊಳ್ಳುತ್ತ ನಿಂತಳು.

"ಅಣ್ಣಾ, ದೇವ್ರು ಅಂತ ಸುಳ್ ಹೇಳೋದು ತಪ್ಪಲ್ವಾ?"

"ನಾವೇನೂ ಹೇಳಲ್ಲ ಮುನಿಶಾಮಮ್ಮ. ಅರಿಶಿನ ಹಚ್ಚಿ ಮನೆಗ್ ಹೋಗ್ತೀವಿ ಅಷ್ಟೇ. ಹೇಳೋ ಕೆಲ್ಸ ಊರೋರು ಮಾಡ್ತಾರೆ."

"ಅದೂ ನಿಜಾನೇ ಬಿಡಿ" ಎಂದು ನಕ್ಕಳು. ಏಳೇಳು ಮರಕ್ಕೆ ಒಂದರಂತೆ ಇಡೋಣ ಎಂದುಕೊಂಡಿದ್ದೆ. ಅವಳು ಹದಿನೇಳಕ್ಕೆ ಒಂದು ಬೇಕೇ ಬೇಕು ಎಂದಳು. ಅಲ್ಲೂ ಒಂದನ್ನಿಟ್ಟೆವು. ಕಲ್ಲನ್ನು ಬೇರಿನ ಸಂದಿಗೆ ಒರಗಿಸಿ ಅಲುಗಾಡದಂತೆ ಮಣ್ಣು ಒತ್ತಿದ್ದು ಅವಳೇ. ಅರಿಶಿನ ಹಚ್ಚಿದ್ದು ನಾನು.

ಸೋಮವಾರ ಬೆಳಿಗ್ಗೆ ಗರಗಸದ ಲಾರಿ ಬಂತು. ಆಂಧ್ರದ ಕಡೆಯ ಕೂಲಿಗಳು. ಲಾರಿ ನಿಂತಿದ್ದ ಏಳನೇ ಮರದ ಬುಡಕ್ಕೆ ಮೊದಲು ಹೋದವನು ಕಲ್ಲು ನೋಡಿದ, ಗರಗಸ ಕೆಳಗಿಟ್ಟ, ಚಪ್ಪಲಿ ಬಿಟ್ಟ, ಕೆನ್ನೆ ಕೆನ್ನೆ ಬಡಿದುಕೊಂಡ. "ಅಮ್ಮವಾರು ಉಂದಿ ಸಾರ್, ನಾ ವಲ್ಲ ಕಾದು" ಎಂದ. ಅಮ್ಮ ಇದ್ದಾಳೆ, ನನ್ನ ಕೈಲಾಗದು ಎಂದು. ಮೇಸ್ತ್ರಿ ಬೈದ. ಎರಡನೆಯವನನ್ನು ಕಳಿಸಿದ. ಅವನೂ ಚಪ್ಪಲಿ ಬಿಟ್ಟ. ಹತ್ತು ಗಂಟೆಯ ಹೊತ್ತಿಗೆ ಮೇಸ್ತ್ರಿಯೇ ತೆಂಗಿನಕಾಯಿ ತರಿಸಿ ಒಡೆದು, ಕರ್ಪೂರ ಹಚ್ಚಿ, ಲಾರಿಗೂ ಒಂದು ಸುತ್ತು ಆರತಿ ಎತ್ತಿ ಹೊರಟುಹೋದ. ಹಿಂದೆಯೇ ಬಂದ ಇಂಜಿನಿಯರು ಒಂಬತ್ತೂ ಕಲ್ಲುಗಳ ಫೋಟೋ ತೆಗೆದುಕೊಂಡರು. ಎಂಬತ್ತು ಪುಟದ ಯೋಜನೆ ಮಾಡಲಾಗದ್ದನ್ನು ಎರಡು ಪೊಟ್ಟಣ ಅರಿಶಿನ ಮಾಡಿತ್ತು. ತಿಂಗಳೊಳಗೆ ಹೊಸ ರಸ್ತೆಯನ್ನು ಕೆರೆಯ ಆಚೆ ಬದಿಗೆ ತೆಗೆದುಕೊಂಡು ಹೋಗುವುದೆಂದೂ, ಹಳೆಯದನ್ನು ಪಾರಂಪರಿಕ ರಸ್ತೆ ಎಂದು ಉಳಿಸುವುದೆಂದೂ ಆದೇಶ ಬಂತು.

ನಾನು ಮೀಸೆ ತಿರುವಿದೆ. ಮುನಿಶಾಮಮ್ಮ ಮನೆಗೆ ಬಂದು ಶೋಭಾರಾಣಿಯ ಕೈಗೆ ಒಂದು ಡಬ್ಬಿ ಹುಣಸೆ ತೊಕ್ಕು ಕೊಟ್ಟು ಹೋದಳು. ಆ ವಾರ ನಾನು ಮನೆಯಲ್ಲಿ ಹೇಳಿದ ಮಾತಿಗೆಲ್ಲ ಬೆಲೆ ಇತ್ತು.

ಆಮೇಲೆ ಪ್ರಚಾರ ಶುರುವಾಯಿತು. ಯಾರೋ ಹುಡುಗರು ಆ ಕೂಲಿ ಕೆನ್ನೆ ಬಡಿದುಕೊಂಡದ್ದನ್ನು ಮೊಬೈಲಿನಲ್ಲಿ ಹಿಡಿದು, ಹಿಂದೆ ತಮಟೆ ಸದ್ದು ಸೇರಿಸಿ ಬಿಟ್ಟಿದ್ದರು. ಗರಗಸ ತಾನಾಗಿಯೇ ನಿಂತಿತು ಎಂದು ಅದರಲ್ಲಿ ಬರೆದಿತ್ತು. ನಿಲ್ಲುವುದಕ್ಕೆ ಅದು ಶುರುವೇ ಆಗಿರಲಿಲ್ಲ. ಜನ ಬಂದರು. ಕಲ್ಲುಗಳಿಗೆ ಹೆಸರಾಯಿತು, ಹೆಸರಾದ ಮೇಲೆ ಕೆಲಸವನ್ನೂ ಹಂಚಿಕೊಟ್ಟರು. ಏಳನೇ ಮರದ ಮುನೇಶ್ವರ ಬೋರ್‌ವೆಲ್ಲಿಗೆ. ಇಪ್ಪತ್ತೊಂದರ ಗಂಗಮ್ಮ ಹಸುಗಳ ಕೆಚ್ಚಲು ಬಾವು ರೋಗಕ್ಕೆ, ಮಾಸ್ತಿ ಕಡೆಯಿಂದ ಹಾಲಿನ ಹೆಂಗಸರು ಬಸ್ಸು ಮಾಡಿಕೊಂಡು ಬರುತ್ತಿದ್ದರು. ಇಪ್ಪತ್ತೆಂಟನೆಯದು ಮಾವಿನ ಹೂವು ಉದುರದಂತೆ ನೋಡಿಕೊಳ್ಳುತ್ತಿತ್ತು. ವೇಮಗಲ್ಲಿನ ಫ್ಯಾಕ್ಟರಿ ಹುಡುಗರು ಕೆಲಸ ಪರ್ಮನೆಂಟ್ ಆಗಲೆಂದು ಹದಿನೇಳನೇ ಮರಕ್ಕೆ ಐಡಿ ಕಾರ್ಡು ಕಟ್ಟಿ ಹೋಗುತ್ತಿದ್ದರು. ಆ ದೇವರನ್ನು ಅಲ್ಲಿ ಕೂರಿಸಿದ್ದವಳ ಕೆಲಸವೇ ಪರ್ಮನೆಂಟ್ ಅಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ.

ದೇವರು ಬಿಸಿಲಲ್ಲಿ ಕೂರಬಹುದೇ? ಆಂಜಿನಪ್ಪನ ಅಂಗಡಿಯಿಂದ ಸಿಮೆಂಟು ಬಂತು, ಕಬ್ಬಿಣ ಬಂತು, ಟೈಲ್ಸು ಬಂತು. ಮರದ ನೆರಳಲ್ಲಿದ್ದ ದೇವರಿಗೆ ನೆರಳಾಗಲೆಂದು ತಗಡಿನ ಮಾಡು ಹಾಕಿದರು, ಮಾಡಿಗೆ ಅಡ್ಡ ಬಂದ ಕೊಂಬೆಗಳನ್ನು ಕಡಿದರು. ಬುಡದ ಸುತ್ತ ಕಟ್ಟೆ, ಕಟ್ಟೆಯ ಸುತ್ತ ಗ್ರಿಲ್ಲು, ಗ್ರಿಲ್ಲಿನ ಮುಂದೆ ದಾನಿಗಳ ಹೆಸರಿನ ಕಪ್ಪು ಕಲ್ಲು. ಊರಿನ ಹೆಬ್ಬಾಗಿಲಿಗೆ ಕಮಾನೂ ಎದ್ದಿತು. ರಸ್ತೆಯುದ್ದಕ್ಕೂ ಫಲಕ ಹಾಕಿದರು. ಹದಿನೇಳನೇ ಮರದ ಗ್ರಿಲ್ಲಿಗೆ ಕಟ್ಟಿದ ಫಲಕದಲ್ಲಿ ಗಳ ಹಿಡಿದ ಮುನಿಶಾಮಮ್ಮನ ಫೋಟೋ ಇತ್ತು. ಅವಳ ಕೆಳಗೆ, ನಮ್ಮ ಪರಂಪರೆ ನಮ್ಮ ಹೆಮ್ಮೆ ಎಂದು ಬರೆದಿತ್ತು.

"ಗಣಪತಿ ಮಾಡೋಕ್ ಹೋಗಿ ಅವ್ರಪ್ಪನ್ನ ಮಾಡ್ಬಿಟ್ರಲ್ರೀ" ಎಂದಳು ಶೋಭಾರಾಣಿ. ನಾನು ಪೇಪರು ಓದುವವನಂತೆ ಕೂತೆ.

ಸಂಕ್ರಾಂತಿ ಕಳೆದ ಮೇಲೆ ರಂಜಿತ ಎರಡನೇ ಸಭೆ ಕರೆದಳು, ರಸ್ತೆಯನ್ನು ಮುಂದೆ ಹೇಗೆ ನೋಡಿಕೊಳ್ಳುವುದು ಎಂದು ಊರಿನವರೇ ನಿಯಮ ಮಾಡಿಕೊಳ್ಳಲಿಕ್ಕೆ. ಈ ಸಲ ಎಲ್ಲ ಹಸಿರು ಚುಕ್ಕೆಗಳೂ ಮರಗಳ ಮೇಲೆಯೇ ಬಿದ್ದವು. ನಿಯಮಗಳೂ ಬೇಗ ಬೇಗ ಬಿದ್ದವು. ಮರದಡಿ ಚಪ್ಪಲಿ ಹಾಕಬಾರದು. ಮಾಂಸ ತಿಂದು ಬರಬಾರದು. ಮರಕ್ಕೆ ಏಟು ಹಾಕಬಾರದು, ಅಂದರೆ ಗಳದಲ್ಲಿ ಬಡಿಯಬಾರದು. ಕಟ್ಟೆಯ ಸುತ್ತ ಸುಣ್ಣದಲ್ಲಿ ಒಂದು ಗೆರೆ ಎಳೆಯಬೇಕು. ಗೆರೆಯೊಳಗೆ ಮಡಿಯಲ್ಲಿರುವವರು ಮಾತ್ರ.

ಮುನಿಶಾಮಮ್ಮ ಬಾಗಿಲಲ್ಲಿ ಎದ್ದು ನಿಂತಳು. "ಹಂಗಾದ್ರೆ ನಾವು ಹಣ್ಣು ಬಡ್ಯೋದು ಹೆಂಗೆ ಸಾಮಿ?"

ಯಾರೂ ಅವಳನ್ನು ಗದರಲಿಲ್ಲ. ಈಗ ಯಾರೂ ಗದರುವುದಿಲ್ಲ, ಕಾಲ ಬದಲಾಗಿದೆ, ಕಾನೂನಿದೆ. ಆಂಜಿನಪ್ಪ ಬಹಳ ಮೆತ್ತಗೆ, ತಂಗಿಗೆ ಹೇಳಿದಂತೆ ಹೇಳಿದ. "ನಾವೇನೂ ಬ್ಯಾಡ ಅನ್ನಲ್ಲ ಮುನಿಶಾಮಮ್ಮ. ದೇವ್ರು ಅಂದ್ಮೇಲೆ… ನಿಂಗೇ ಗೊತ್ತಲ್ಲ."

ಅವಳಿಗೆ ಗೊತ್ತಿತ್ತು. ನಮಗೆಲ್ಲರಿಗೂ ಗೊತ್ತಿತ್ತು. ರಂಜಿತಳಿಗೆ ಮಾತ್ರ ಅರ್ಥವಾಗಲು ಎರಡು ನಿಮಿಷ ಹಿಡಿಯಿತು. ಅರ್ಥವಾದಾಗ ಮುಖ ಕೆಂಪಾಗಿ, "ಇದು ಸರಿಯಲ್ಲ ಸಾರ್" ಎಂದಳು. "ನೀವೇ ಹೇಳಿದ್ರಲ್ಲ ಮೇಡಂ, ಊರೋರ ತೀರ್ಮಾನಾನೇ ಕೊನೆ ಅಂತ" ಎಂದ ಆಂಜಿನಪ್ಪ. ಅವಳು ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ನಿಂತಳು. ನಿಯಮಗಳ ಹಾಳೆ ಕೋಲಾರಕ್ಕೆ ಹೋಯಿತು.

ಶಿವರಾತ್ರಿ ಕಳೆದ ನಾಲ್ಕನೇ ದಿನ ಮುನಿಶಾಮಮ್ಮ ನಮ್ಮ ಮನೆಯ ಹಿತ್ತಲಿಗೆ ಬಂದಳು. ಹಣ್ಣು ಬಲಿತು ತಾನಾಗಿಯೇ ಉದುರುತ್ತಿತ್ತು. ಉದುರಿದ್ದನ್ನು ಕಾರುಗಳು ತುಳಿದುಕೊಂಡು ಹೋಗುತ್ತಿದ್ದವು.

"ಕಂಡಕ್ಟ್ರಣ್ಣ, ಇನ್ನ್ ಹತ್ತು ದಿನ ಬಿಟ್ರೆ ಹುಳ ಬೀಳ್ತೈತೆ. ನಮ್ಮೋರು ದಿನಾ ಕೇಳ್ತಾವ್ರೆ, ಯಾವಾಗಕ್ಕಾ ಅಂತ. ನಾನೇನ್ ಹೇಳ್ಲಿ?" ಎಂದಳು. ಅವಳ ದನಿಯಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

"ಇವತ್ತು ಸಂಜೆ ರಸ್ತೆ ನೋಡ್ಕೊಳ್ಳೋ ಸಮಿತಿ ಸಭೆ ಐತೆ. ನಾನ್ ಹೇಳ್ತೀನಿ ಬಿಡು, ಅದು ಬರೀ ಕಲ್ಲು ಅಂತ" ಎಂದೆ.

ಹೇಳಿಯೇ ಹೇಳಿದೆ. ಎದ್ದು ನಿಂತು, ಟಿಕೆಟ್ ಟಿಕೆಟ್ ಎಂದು ಕೂಗುತ್ತಿದ್ದ ಅದೇ ಗಂಟಲಲ್ಲಿ ಹೇಳಿದೆ. "ಕೇಳ್ರಪ್ಪಾ ಎಲ್ರೂ. ಆ ಒಂಬತ್ತು ಕಲ್ಲು ಇಟ್ಟಿದ್ದು ನಾನು. ಮರ ಉಳೀಲಿ ಅಂತ ಇಟ್ಟೆ. ಕೆರೆ ಕಟ್ಟೆ ಕೆಳಗಿನ ಕಲ್ಲವು. ಶೆಟ್ಟರ ಅಂಗ್ಡಿ ಅರಿಶಿನ. ಅಲ್ಲಿ ದೇವ್ರೂ ಇಲ್ಲ ದಿಂಡ್ರೂ ಇಲ್ಲ."

ಆಂಜಿನಪ್ಪ ನನ್ನನ್ನೇ ನೋಡುತ್ತಿದ್ದ.

"ಯಾವತ್ತು ಸಾರ್ ಇಟ್ಟಿದ್ದು?"

"ನಿನ್ ಮಗಳ ಮದ್ವೆ ದಿನ."

"ಅಯ್ಯೋ ದೇವುಡಾ!" ಎಂದು ಅವನು ಕೈ ಮುಗಿದ. "ನನ್ ಮಗಳ ಮದ್ವೆ ದಿನಾನೇ ಊರಿಗ್ ಬಂದವ್ಳೆ ತಾಯಿ!"

"ಬಂದಿಲ್ಲ ಕಣಯ್ಯಾ, ನಾನ್ ತಂದಿಟ್ಟಿದ್ದು!"

"ಸರ್ಲೇ ಸಾರ್, ನೀವೇ ಇಟ್ರಿ. ಮೂವತ್ ವರ್ಷ ಆ ರಸ್ತೇಲಿ ಓಡಾಡಿದ್ರಲ್ಲ, ಆಗೆಲ್ಲ ಇಡ್ಬೇಕು ಅನ್ನಿಸ್ಲಿಲ್ಲ. ಅವತ್ತೇ ಯಾಕ್ ಅನ್ನಿಸ್ತು? ಯಾರ್ ಅನ್ನಿಸಿದ್ರು?"

ಇದಕ್ಕೆ ಉತ್ತರ ಕೊಡಬಲ್ಲ ಕಂಡಕ್ಟರ್ ಇನ್ನೂ ಹುಟ್ಟಿಲ್ಲ. ಅಷ್ಟರಲ್ಲಿ ಆಂಜಿನಪ್ಪನ ತಾಯಿ ಭಾರತಮ್ಮ ಮುಂದಿನ ಸಾಲಿನಿಂದ ಕೇಳಿದರು. "ಅಲ್ಲಪ್ಪಾ ಕಾಂತರಾಜು, ನಿಂಗೆ ಸೊಂಟ ಬಿದ್ದೋಗಿ ಕೊಡ ಎತ್ತೋಕಾಗಲ್ಲ ಅಂತ ನಿನ್ನೆಂಡ್ತಿ ಹೇಳ್ತಿದ್ಲು. ಅಷ್ಟಷ್ಟ್ ದಪ್ಪ ಕಲ್ಲು, ಒಂಬತ್ತು. ಯಾರ್ ಹೊತ್ರು?"

ಆ ಒಂದು ಪ್ರಶ್ನೆ ನನಗೆ ಬೇಕಾಗಿರಲಿಲ್ಲ. ಬಾಗಿಲ ಕಡೆ ನೋಡಿದೆ. ಮುನಿಶಾಮಮ್ಮ ಮೆಟ್ಟಿಲ ಮೇಲಿದ್ದಳು. ತಲೆ ಅಲ್ಲಾಡಿಸಿದಳೋ, ಸುಮ್ಮನೆ ನೋಡಿದಳೋ ಇವತ್ತಿಗೂ ಗೊತ್ತಿಲ್ಲ. ಇವಳೇ ಹೊತ್ತದ್ದು, ನೀವೆಲ್ಲ ಹಣೆ ಹಚ್ಚುವ ಕಲ್ಲಿಗೆ ಮೊದಲು ತಾಗಿದ್ದು ಇವಳ ತಲೆ ಎಂದು ಹೇಳಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆಮೇಲೆ ಆ ಕೇರಿಗೆ ಏನಾಗುತ್ತಿತ್ತೋ ಎಂದು ಹೆದರಿದೆ. ಅವಳಿಗಾಗಿ ಹೆದರಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸತ್ಯ ಹೇಳುವುದಾದರೆ ನನಗಾಗಿಯೇ ಹೆದರಿದ್ದು. ಅವಳ ಜೊತೆ ಸೇರಿ ಊರಿಗೆ ಹೀಗೆ ಮಾಡಿದ ಎಂದು ನನ್ನ ಹೊಸಿಲಿಗೂ ಯಾರೂ ಬರುತ್ತಿರಲಿಲ್ಲ.

"ನಾನೊಬ್ನೇ ಹೊತ್ತೆ" ಎಂದೆ.

ಸಭೆಯಿಂದ ಒಂದು ಉದ್ಗಾರ ಎದ್ದಿತು. ಸೊಂಟ ಬಿದ್ದ ಮನುಷ್ಯ ಒಂಬತ್ತು ಕಲ್ಲು ಒಬ್ಬನೇ ಹೊತ್ತನಂತೆ! ಇನ್ನೇನು ಬೇಕು? ಭಾರತಮ್ಮ ಎದ್ದು ಬಂದು, ನನಗಿಂತ ಹತ್ತು ವರ್ಷ ಹಿರಿಯರು, ನನ್ನ ಕಾಲಿಗೆ ಬಿದ್ದರು. ಯಾರೋ ಹೂವಿನ ಹಾರ ತಂದರು. ಶೆಟ್ಟರು ಮಾರನೆಯ ದಿನವೇ ಅಂಗಡಿಗೆ ಬೋರ್ಡು ಹಾಕಿಸಿದರು, ಅಮ್ಮನಿಗೆ ಮೊದಲ ಅರಿಶಿನ ನಮ್ಮಲ್ಲಿಂದಲೇ ಎಂದು. ಹಾರ ಹಾಕಿಕೊಂಡೇ ನಾನು ಹಟ ಹಿಡಿದೆ. "ನನ್ ಮಾತಿಗೆ ಬೆಲೆ ಇದ್ರೆ ಹಣ್ಣು ಬಡ್ಯೋಕ್ ಬಿಡಿ. ಮುನಿಶಾಮಮ್ಮಂಗೆ ಹರಾಜು ಆಗೈತೆ, ಹಣ್ಣು ಅವ್ಳದು."

ಆಂಜಿನಪ್ಪ ನಾಲ್ಕು ಜನರ ಜೊತೆ ಪಿಸುಗುಟ್ಟಿ ತೀರ್ಮಾನ ಹೇಳಿದ. "ನೀವ್ ಬಡೀಬೋದು ಸಾರ್. ನಿಮ್ ಕೈ ಆದ್ರೆ ದೋಷ ಇಲ್ಲ. ಅವ್ರು ಗೆರೆ ಆಚೆ ತಾರ್ಪಾಲು ಹಾಸ್ಕೊಳ್ಲಿ. ಆಚೆ ಬಿದ್ದಿದ್ದು ಅವ್ರ್ದೇ, ನಾವ್ಯಾರೂ ಮುಟ್ಟಲ್ಲ."

ನನಗೆ ಇದು ಗೆಲುವಿನಂತೆ ಕಂಡಿತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಯೂ ಕೊಟ್ಟ ಎಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ಹದಿನೇಳನೇ ಮರದಿಂದಲೇ ಶುರುಮಾಡೋಣ ಎಂದಾಯಿತು. ಕಂಡಕ್ಟರ್ ಸ್ವಾಮಿ ಮರ ಮುಟ್ಟುತ್ತಾರೆ ಎಂಬ ಸುದ್ದಿ ಹಬ್ಬಿ ಗೌನಿಪಲ್ಲಿಯಿಂದಲೂ ಜನ ಬಂದಿದ್ದರು. ಹದಿನೆಂಟು ಹೆಂಗಸರು ಸುಣ್ಣದ ಗೆರೆಯಾಚೆ ನಾಲ್ಕು ತಾರ್ಪಾಲು ಹಾಸಿ, ಮಂಕರಿ ಹಿಡಿದು, ಸೆರಗು ಸಿಕ್ಕಿಸಿ ನಿಂತಿದ್ದರು. ಮುನಿಶಾಮಮ್ಮ ತನ್ನ ಗಳವನ್ನು ಗೆರೆಯ ಮೇಲೆ ಇಟ್ಟು ಹಿಂದೆ ಸರಿದಳು. ನಾನು ಎತ್ತಿಕೊಂಡೆ. ಅವಳ ಕೈ ಹಿಡಿದೂ ಹಿಡಿದೂ ಗಳದ ಬುಡ ನುಣ್ಣಗೆ ಆಗಿತ್ತು.

"ತುದಿ ಕೊಂಬೆಗ್ ಹಾಕಣ್ಣ, ಮೇಲಿಂದ ಅಲ್ಲ, ಪಕ್ಕದಿಂದ" ಎಂದು ಆಚೆಯಿಂದ ಹೇಳಿಕೊಟ್ಟಳು.

ಸೊಂಟ ಹಿಡಿದುಕೊಂಡು ಗಳ ಎತ್ತಿ, ರಸ್ತೆಯ ಕಡೆಗೆ ಚಾಚಿದ ತುದಿ ಕೊಂಬೆಗೆ ಒಂದು ಏಟು ಹಾಕಿದೆ. ಹಣ್ಣು ತಟಪಟ ಉದುರಿತು, ಬಹುಪಾಲು ನೇರ ತಾರ್ಪಾಲಿನ ಮೇಲೆ. ಮುನಿಶಾಮಮ್ಮನ ಮುಖ ಅರಳಿತು. ಹೆಂಗಸರು ಬಗ್ಗಿದರು.

ಅಷ್ಟರಲ್ಲಿ ಜನರೊಳಗಿಂದ ಯಾರೋ ಪ್ರಸಾದ ಎಂದರು.

ಒಂದೇ ಒಂದು ಮಾತು. ಇನ್ನೂರು ಜನ ಒಟ್ಟಿಗೇ ಗೆರೆ ದಾಟಿ ಆಚೆ ನುಗ್ಗಿದರು. ತಾರ್ಪಾಲು ತುಳಿದರು, ಮಂಕರಿ ಒದ್ದರು, ಬಗ್ಗಿ ಬಗ್ಗಿ ಬಾಚಿಕೊಂಡರು, ಪಂಚೆಗೆ, ಸೆರಗಿಗೆ, ಹೆಲ್ಮೆಟ್ಟಿನೊಳಕ್ಕೆ ತುಂಬಿಕೊಂಡರು. ಗೆರೆ ಆ ಕಡೆಯವರಿಗೆ ಮಾತ್ರ ಗೆರೆ ಎಂದು ನನಗೆ ಆಗ ಹೊಳೆಯಿತು. ನಾನು "ಏಯ್, ಅದು ಅವ್ಳ ಹಣ್ಣು ಕಣ್ರೋ!" ಎಂದು ಅರಚಿದೆ. ಅರಚಿದಷ್ಟೂ ಮೈಮೇಲೆ ಬಂದಿದೆ ಎಂದುಕೊಂಡು ಇನ್ನಷ್ಟು ಜನ ಕೈ ಮುಗಿದರು. ಎರಡು ನಿಮಿಷದಲ್ಲಿ ತಾರ್ಪಾಲಿನ ಮೇಲೆ ಚಪ್ಪಲಿಯಿಲ್ಲದ ಕಾಲಿನ ಧೂಳು ಮಾತ್ರ ಉಳಿದಿತ್ತು. ಹೆಂಗಸರು ಬೇಲಿಗೆ ಒತ್ತಿಕೊಂಡು ನಿಂತಿದ್ದರು.

ಭಾರತಮ್ಮ ಅವರನ್ನು ನೋಡಿ ಪಾಪ ಎಂದರು. ಕೆಟ್ಟವರಲ್ಲ. ತಮ್ಮ ಮಡಿಲಿನಿಂದ ಎರಡು ಹಣ್ಣು ತೆಗೆದುಕೊಂಡು ಹೋಗಿ, "ಸೆರಗು ಹಿಡಿ" ಎಂದರು. ಮುನಿಶಾಮಮ್ಮ ಹಿಡಿದಳು. ಒಂದು ಮೊಳ ಮೇಲಿನಿಂದ, ಕೈಗೆ ಕೈ ತಾಗದಂತೆ, ಆ ಎರಡು ಹಣ್ಣನ್ನು ಸೆರಗಿಗೆ ಬಿಟ್ಟರು.

"ಕಣ್ಣಿಗ್ ಒತ್ಕೊಳ್ಳವ್ವ, ಒಳ್ಳೇದಾಗ್ತೈತೆ."

ಮುನಿಶಾಮಮ್ಮ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಅಣ್ಣಾ, ನನ್ ಗಳ" ಎಂದಳು.

ಕೊಡಲು ಹೋದೆ. ಆಂಜಿನಪ್ಪ ಆಗಲೇ ಅದರ ಇನ್ನೊಂದು ತುದಿಗೆ ಅರಿಶಿನ ಹಚ್ಚುತ್ತಿದ್ದ. "ಇದು ಇನ್ ಮೇಲೆ ಇಲ್ಲೇ ಇರ್ಲಿ ಸಾರ್. ಗಾಜಿನ ಪೆಟ್ಟಿಗೆ ಮಾಡಿಸ್ತೀನಿ" ಎಂದ.

ಸಾಕಪ್ಪಾ ಸಾಕು ಎನಿಸಿತು. ಎದೆ ಉರಿಯಿತು. ಇವತ್ತು ಹೇಳಿಯೇ ತೀರುತ್ತೇನೆ, ಕಲ್ಲು ಹೊತ್ತವಳು ಯಾರು ಎಂದು, ಕೇಳಿ ಇವರೆಲ್ಲ ತಲೆ ತೊಳೆದುಕೊಂಡು ಸಾಯಲಿ ಎಂದು ಗಳ ಬಿಟ್ಟು ಎರಡೂ ಕೈ ಮೇಲೆತ್ತಿದೆ. ಗದ್ದಲ ನಿಂತಿತು. ಇನ್ನೂರು ಜೊತೆ ಕಣ್ಣು ನನ್ನ ಮೇಲೆ. ಆಂಜಿನಪ್ಪ, ಭಾರತಮ್ಮ, ಶೆಟ್ಟರು, ನಮ್ಮ ಬೀದಿಯವರು, ನಾಳೆಯೂ ನಾಡಿದ್ದೂ ನಾನು ಮುಖ ನೋಡಬೇಕಾದವರು. ಬಾಯಿ ತೆರೆದೆ.

"ಗೋವಿಂದಾ" ಎಂದೆ.

ಗೋವಿಂದ ಎಂದು ಇನ್ನೂರು ಬಾಯಿ ಒಟ್ಟಿಗೇ ಕೂಗಿದವು. ಮುನಿಶಾಮಮ್ಮ ಅತ್ತ ತಿರುಗಿ ತಾರ್ಪಾಲು ಮಡಿಚತೊಡಗಿದಳು.